ನಂಜಿನ ಮೂಲವನ್ನು ಅರಸಿ

ಕೈಮೇಲೆ ಕೆಂಪು ದದ್ದೆದ್ದು, ನೀರುಗುಳ್ಳೆ ಮೂಡಿ, ತುರಿಕೆಯಿಂದ ರಾತ್ರಿಯೆಲ್ಲ ನಿದ್ದೆ ಹತ್ತದೆ ಹೋದರೆ ನಮ್ಮ ಕಡೆಯ ಹಿರಿಯರು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ: “ಏನೋ ನಂಜಾಗಿದೆ.” ರಾಯಚೂರು ಪೇಟೆಯಲ್ಲಾಗಲಿ, ಮಾನ್ವಿ, ದೇವದುರ್ಗಗಳ ಹಳ್ಳಿಗಳಲ್ಲಾಗಲಿ ಈ ಮಾತನ್ನು ಕೇಳದವರಿಲ್ಲ. ನಂಜೆಂದರೆ ವಿಷ. ಹೊರಗಿನ ಯಾವುದೋ ವಸ್ತು ಮೈಗೆ ಒಗ್ಗದೆ ಅದನ್ನು ಕೆರಳಿಸಿದೆ ಎಂಬ ಅನುಭವ ಈ ಮಾತಿನಲ್ಲಿ ಅಡಗಿದೆ. ಮಾತು ಬಹುಮಟ್ಟಿಗೆ ಸರಿಯೇ. ಆದರೆ ಅದರ ಮೊದಲಿಗಿರುವ “ಏನೋ” ಎಂಬ ಪದ ಮಾತ್ರ ಹಾಗೆಯೇ ಉಳಿದುಬಿಡುತ್ತದೆ. ವಸ್ತು ಯಾವುದೆಂದು ತಿಳಿಯದಿದ್ದಾಗ ಬದನೆಕಾಯಿ ಬಿಡು, ಹುಳಿ ಬಿಡು ಎಂದು ಪಥ್ಯ ಮಾಡಿಸುತ್ತಾರೆ. ಬೇವಿನ ರಸ, ಗಂಧಕ, ಅಂಗಡಿಯ ಮುಲಾಮು ಎಂದು ಒಂದಾದ ಮೇಲೊಂದನ್ನು ಬಳಿಯುತ್ತಾರೆ. ರಕ್ತ ಕೆಟ್ಟಿದೆಯೆಂದು ಚಿಂತಿಸುತ್ತಾರೆ. ಕೊನೆಗೆ ಇದು ಕುಷ್ಠವೇನೋ ಎಂಬ ಶಂಕೆ ಹುಟ್ಟಿ ನೆರೆಹೊರೆಯವರು ದೂರ ಸರಿಯುವುದೂ ಉಂಟು.

ಈ “ಏನೋ” ಎಂಬುದನ್ನು “ಇದೇ” ಎಂದು ಹೇಳಬಲ್ಲ ಒಂದು ಉಪಾಯ ವೈದ್ಯಶಾಸ್ತ್ರಕ್ಕೆ ದೊರೆತು ನೂರ ಮೂವತ್ತು ವರ್ಷಗಳಾದುವು. ವೈದ್ಯರು ಅದನ್ನು ಪ್ಯಾಚ್ ಟೆಸ್ಟ್ ಎನ್ನುತ್ತಾರೆ. ಕನ್ನಡದಲ್ಲಿ ತೇಪೆ ಪರೀಕ್ಷೆ ಎನ್ನಬಹುದು. ಹರಿದ ಬಟ್ಟೆಗೆ ತೇಪೆ ಹಚ್ಚುವಂತೆ, ಸಂಶಯವಿರುವ ವಸ್ತುವನ್ನು ಚಿಕ್ಕ ಪಟ್ಟಿಯಲ್ಲಿಟ್ಟು ಬೆನ್ನಿಗೆ ಅಂಟಿಸುವುದು, ಎರಡು ದಿನ ಬಿಟ್ಟು ತೆಗೆದು ನೋಡುವುದು, ಇಷ್ಟೇ ಆ ಪರೀಕ್ಷೆ. ಕೇಳಲು ಇಷ್ಟು ಸರಳವಾದುದು ರೂಪುಗೊಳ್ಳಲು ಎಷ್ಟು ಕಾಲ ಹಿಡಿಯಿತು, ನಮ್ಮ ಹೊಲಗದ್ದೆಗಳ ಮತ್ತು ಕೂಲಿಯ ಬದುಕಿಗೆ ಅದರಿಂದ ಏನು ಪ್ರಯೋಜನವಾಯಿತು ಎಂಬುದನ್ನು ಇಲ್ಲಿ ನೋಡೋಣ.

ನಂಜಿನ ಮೂಲ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದ್ದಾಗ ನಮ್ಮ ಹಿಂದಿನವರು ಅದನ್ನು ತಪ್ಪದೆ ಗುರುತಿಸಿದ್ದರು. ಕೇರುಬೀಜವೇ ಇದಕ್ಕೆ ನಿದರ್ಶನ. ಸಂಸ್ಕೃತದಲ್ಲಿ ಇದಕ್ಕೆ ಭಲ್ಲಾತಕವೆಂದು ಹೆಸರು. ಶುದ್ಧಿ ಮಾಡದೆ ಇದನ್ನು ಮುಟ್ಟಬಾರದೆಂದು ಆಯುರ್ವೇದದ ವೈದ್ಯರು ಎಚ್ಚರಿಸುತ್ತ ಬಂದಿದ್ದಾರೆ. ಇದರ ಸಿಪ್ಪೆಯ ಎಣ್ಣೆ ತಾಗಿದರೆ ಮೈ ಬೊಬ್ಬೆಯೇಳುತ್ತದೆ. ಇದೇ ಎಣ್ಣೆ ಬಟ್ಟೆಯ ಮೇಲೆ ಬಿದ್ದರೆ, ಸುಣ್ಣ ಸೇರಿದಾಗ, ಎಷ್ಟು ಒಗೆದರೂ ಹೋಗದ ಕಪ್ಪು ಗುರುತಾಗುತ್ತದೆ. ಆದ್ದರಿಂದ ಅಗಸರು ಯಾರ ಮನೆಯ ಬಟ್ಟೆ ಯಾವುದೆಂದು ತಿಳಿಯಲು ಕೇರುಬೀಜದಿಂದ ಗುರುತು ಹಾಕುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರಿಗೆ ಇಲ್ಲಿ ಒಗೆಸಿದ ಬಟ್ಟೆ ತೊಟ್ಟ ಮೇಲೆ, ಗುರುತಿನ ಮಸಿ ಮೈಗೆ ತಾಗುವ ಕಡೆಯಲ್ಲೆಲ್ಲ ದದ್ದು ಏಳತೊಡಗಿತು. ಲಿವಿಂಗುಡ್ ಮತ್ತು ಅವರ ಸಂಗಡಿಗರಾದ ಸೈನ್ಯದ ವೈದ್ಯರು ೧೯೪೩ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಇದನ್ನು ವರ್ಣಿಸಿದರು. ಅವರು ಆ ರೋಗಕ್ಕೆ ಇಟ್ಟ ಹೆಸರು “ಧೋಬಿ ಗುರುತಿನ ಚರ್ಮರೋಗ”.

ಮಾವು, ಗೋಡಂಬಿ, ಕೇರು—ಇವು ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಮಾವಿನ ಸೊನೆ ತಾಗಿ ತುಟಿಯ ಸುತ್ತ ಹುಣ್ಣಾದ ಮಕ್ಕಳನ್ನು ಎಲ್ಲರೂ ಕಂಡಿದ್ದೇವೆ. ಇದೇ ಕುಟುಂಬದ ಗೋಡಂಬಿಯಿಂದಲೇ ತೇಪೆ ಪರೀಕ್ಷೆಯ ಪೂರ್ವಚರಿತ್ರೆ ಆರಂಭವಾಗುತ್ತದೆಂಬುದು ಸ್ವಾರಸ್ಯದ ಸಂಗತಿ. ೧೮೪೭ರಲ್ಲಿ ಸ್ಟೇಡೆಲರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಗೋಡಂಬಿ ಸಿಪ್ಪೆಯ ಎಣ್ಣೆಯ ಗುಣವನ್ನು ತಿಳಿಯಲೆಂದು ಒತ್ತುಕಾಗದದ ಚೂರನ್ನು ಅದರಲ್ಲಿ ನೆನೆಸಿ ಮನುಷ್ಯನ ಚರ್ಮದ ಮೇಲಿಟ್ಟು, ಅದೇ ಬಗೆಯ ಬೊಬ್ಬೆ ಏಳುವುದನ್ನು ತೋರಿಸಿದನು. ಆದರೆ ಆತನು ಹುಡುಕುತ್ತಿದ್ದುದು ಎಣ್ಣೆಯ ಗುಣವನ್ನು, ರೋಗಿಯ ರೋಗದ ಕಾರಣವನ್ನಲ್ಲ. ಆ ಹೆಜ್ಜೆಯನ್ನಿಡಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಆ ಹೆಜ್ಜೆಯನ್ನಿಟ್ಟವನು ಯೋಸೆಫ್ ಯಾದಾಸ್ಸೋನ್. ಆಗ ಆತನು ಬ್ರೆಸ್ಲೌ ನಗರದಲ್ಲಿ ಚರ್ಮರೋಗಗಳ ವೈದ್ಯ. ಆತನ ಬಳಿಗೆ ಬಂದ ಒಬ್ಬ ರೋಗಿಗೆ ಪಾದರಸದ ಮುಲಾಮು ಹಚ್ಚಿದ ಮೇಲೆ ಮೈ ಕೆಂಪೇರಿ ಉರಿಯತೊಡಗಿತ್ತು. ಔಷಧಿಯಾಗಬೇಕಾದುದೇ ರೋಗಕ್ಕೆ ಕಾರಣವಾಯಿತೆ, ಅಥವಾ ಬೇರೇನಾದರೂ ಇದೆಯೆ? ಯಾದಾಸ್ಸೋನನು ವಾದಿಸುತ್ತ ಕೂಡಲಿಲ್ಲ. ಮೈ ಚೆನ್ನಾಗಿರುವ ಒಂದು ಕಡೆ ಅದೇ ಪಾದರಸದ ವಸ್ತುವನ್ನು ಸ್ವಲ್ಪ ಹಚ್ಚಿ, ಮುಚ್ಚಿ, ಕಾದು ನೋಡಿದನು. ಅಷ್ಟೇ ಜಾಗದಲ್ಲಿ ಅದೇ ರೋಗ ಚಿಕ್ಕದಾಗಿ ಕಾಣಿಸಿಕೊಂಡಿತು. ೧೮೯೫ರ ಸೆಪ್ಟೆಂಬರಿನಲ್ಲಿ ಆಸ್ಟ್ರಿಯದ ಗ್ರಾಟ್ಸ್ ನಗರದಲ್ಲಿ ಸೇರಿದ್ದ ಜರ್ಮನ್ ಚರ್ಮವೈದ್ಯರ ಸಮ್ಮೇಲನದಲ್ಲಿ ಆತನು ಇದನ್ನು ಹೇಳಿದನು. ತೇಪೆ ಪರೀಕ್ಷೆಯ ಹುಟ್ಟನ್ನು ಇಲ್ಲಿಂದಲೇ ಎಣಿಸುವುದು ವಾಡಿಕೆ. ಮುಂದಿನ ವರ್ಷ ಯಾದಾಸ್ಸೋನನು ಸ್ವಿಟ್ಜರ್ಲೆಂಡಿನ ಬರ್ನ್ ನಗರಕ್ಕೆ ಪ್ರಾಧ್ಯಾಪಕನಾಗಿ ಹೋದನು.

ಅದೇ ದೇಶದಲ್ಲಿ ಈ ಪದ್ಧತಿಯನ್ನು ಬೆಳೆಸಿದವನು ಬ್ರೂನೊ ಬ್ಲೋಖ್. ಮೊದಲು ಬಾಸೆಲ್‌ನಲ್ಲಿ, ಆಮೇಲೆ ಜ್ಯೂರಿಕ್‌ನಲ್ಲಿ ಆತನು ನಾರುಬಟ್ಟೆಯ ಚಿಕ್ಕ ಚೌಕಗಳಲ್ಲಿ ನಾನಾ ವಸ್ತುಗಳನ್ನಿಟ್ಟು ಬೆನ್ನಿಗೆ ಕಟ್ಟಿ ಪರೀಕ್ಷಿಸಿದನು. ಯುರೋಪಿನ ಮನೆಗಳಲ್ಲಿ ಕುಂಡದಲ್ಲಿ ಬೆಳೆಸುವ ಪ್ರಿಮುಲವೆಂಬ ಹೂಗಿಡ ಕೆಲವರ ಕೈಗೆ ಆಗುತ್ತಿರಲಿಲ್ಲ. ಇದು ಆ ಕೆಲವರ ಮೈಯ ದೋಷವೆ ಎಂದು ಬ್ಲೋಖ್ ಪ್ರಶ್ನಿಸಿದನು. ಗಿಡದ ಸಾರವನ್ನು ಸಾಕಷ್ಟು ಪ್ರಬಲವಾಗಿ ಹಚ್ಚಿದರೆ, ಮೊದಲು ಏನೂ ಆಗದಿದ್ದವರಿಗೂ ಕೆಲವು ದಿನಗಳಲ್ಲಿ ಅದು ಒಗ್ಗದಂತಾಗುತ್ತದೆ ಎಂದು ೧೯೨೬ರ ಸುಮಾರಿಗೆ ಆತನೂ ಆತನ ಸಹೋದ್ಯೋಗಿಯೂ ತೋರಿಸಿದರು. ನಂಜೆಂಬುದು ಕೆಟ್ಟ ರಕ್ತದ ಫಲವಲ್ಲ, ವಂಶದ ಕಳಂಕವೂ ಅಲ್ಲ. ಯಾರಿಗಾದರೂ ಬರಬಹುದಾದುದು ಎಂಬುದು ಇದರಿಂದ ಸ್ಪಷ್ಟವಾಯಿತು. ಹೆಣ್ಣು ಕೊಡುವಾಗ, ತರುವಾಗ ಮೈಮೇಲಿನ ಕಲೆಯನ್ನು ನೋಡಿ ಮನೆತನವನ್ನೇ ಶಂಕಿಸುವವರು ನೆನಪಿಡಬೇಕಾದ ಮಾತಿದು.

ಇಷ್ಟರಲ್ಲಿ ‘ಅಲರ್ಜಿ’ ಎಂಬ ಪದ ಹುಟ್ಟಿತ್ತು. ವಿಯೆನ್ನಾದ ಮಕ್ಕಳ ವೈದ್ಯ ಪಿರ್ಕೆ ಇದನ್ನು ೧೯೦೬ರಲ್ಲಿ ಬಳಕೆಗೆ ತಂದನು. ರಕ್ತದ ಗುಂಪುಗಳನ್ನು ಕಂಡುಹಿಡಿದ ಲ್ಯಾಂಡ್‌ಸ್ಟೈನರ್ ಚರ್ಮದ ಅಲರ್ಜಿಯ ಒಳಗುಟ್ಟನ್ನೂ ಬಿಡಿಸಿದವರಲ್ಲೊಬ್ಬನು. ಬಹಳ ಚಿಕ್ಕ ರಾಸಾಯನಿಕ ಕಣ ತಾನೊಂದೇ ದೇಹವನ್ನು ಕೆರಳಿಸಲಾರದು. ಅದು ಚರ್ಮದ ಪ್ರೋಟೀನಿನೊಡನೆ ಕೂಡಿಕೊಂಡಾಗಲೇ ದೇಹ ಅದನ್ನು ಹೊರಗಿನದೆಂದು ಗುರುತಿಸುತ್ತದೆ ಎಂಬ ತಿಳಿವು ಆತನ ೧೯೩೫ರ ಪ್ರಯೋಗಗಳಿಂದ ಬಲವಾಯಿತು. ೧೯೪೨ರಲ್ಲಿ ಆತನೂ ಮೆರಿಲ್ ಚೇಸನೂ, ಈ ಒಗ್ಗದಿಕೆಯನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸುವುದು ರಕ್ತದ ತಿಳಿನೀರಲ್ಲ, ಜೀವಕೋಶಗಳು ಎಂದು ತೋರಿಸಿದರು. ಆ ಕೋಶಗಳನ್ನು ಈಗ ಟಿ-ಲಿಂಫೋಸೈಟುಗಳೆನ್ನುತ್ತಾರೆ.

ಈ ಕ್ರಿಯೆಯನ್ನು ಸ್ವಲ್ಪ ತಿಳಿದುಕೊಂಡರೆ ನಮ್ಮ ಊಹೆಗಳು ಏಕೆ ತಪ್ಪುತ್ತವೆ ಎಂಬುದು ಹೊಳೆಯುತ್ತದೆ. ಊರಿನ ಅಗಸೆಬಾಗಿಲಲ್ಲಿ ಕಾವಲುಗಾರನಿರುವಂತೆ ಚರ್ಮದ ಮೇಲ್ಪದರದಲ್ಲಿ ಲ್ಯಾಂಗರ್‌ಹಾನ್ಸ್ ಕೋಶಗಳೆಂಬ ಕಾವಲಿನ ಕೋಶಗಳಿವೆ. ಒಗ್ಗದ ವಸ್ತು ಒಳಹೊಕ್ಕಾಗ ಅವು ಅದರ ಚಹರೆಯನ್ನು ಹತ್ತಿರದ ಹಾಲುರಸದ ಗಂಟುಗಳಿಗೆ ಕೊಂಡೊಯ್ದು ಲಿಂಫೋಸೈಟುಗಳಿಗೆ ಪರಿಚಯಿಸುತ್ತವೆ. ಈ ಮೊದಲ ಪರಿಚಯದಲ್ಲಿ ಹೊರಗೆ ಏನೂ ಕಾಣುವುದಿಲ್ಲ. ಪರಿಚಯವಾಗಲು ಕೆಲವು ದಿನಗಳು ಸಾಕಾಗಬಹುದು, ಹತ್ತು ವರ್ಷಗಳೂ ಹಿಡಿಯಬಹುದು. ಒಮ್ಮೆ ಆಯಿತೆಂದರೆ ಆ ನೆನಪು ಬಹುಕಾಲ, ಅನೇಕರಲ್ಲಿ ಜೀವಮಾನವೆಲ್ಲ, ಉಳಿಯುತ್ತದೆ. ಅಲ್ಲಿಂದ ಮುಂದೆ ಅದೇ ವಸ್ತು ಸ್ವಲ್ಪವೇ ತಾಗಿದರೂ ಆ ಕೋಶಗಳು ಅಲ್ಲಿಗೆ ಧಾವಿಸಿ ಬರುತ್ತವೆ. ಆದರೆ ಬರಲು ಒಂದೆರಡು ದಿನ ಬೇಕು.

ಇಲ್ಲಿ ಎರಡು ವಿಳಂಬಗಳಿವೆ, ಎರಡೂ ನಮ್ಮನ್ನು ಮೋಸಗೊಳಿಸುತ್ತವೆ. ಮೊದಲನೆಯದು ವರ್ಷಗಳ ವಿಳಂಬ. “ಹತ್ತು ವರ್ಷದಿಂದ ಸಿಮೆಂಟು ಮುಟ್ಟುತ್ತಿದ್ದೇನೆ, ಆಗ ಆಗದ್ದು ಈಗ ಹೇಗಾದೀತು?” ಎಂದು ಗವಂಡಿ ಕೇಳುತ್ತಾನೆ. ಹತ್ತು ವರ್ಷ ಮುಟ್ಟಿದ್ದರಿಂದಲೇ ಆಯಿತು ಎಂಬುದು ಉತ್ತರ. ಎರಡನೆಯದು ದಿನಗಳ ವಿಳಂಬ. ಸೋಮವಾರ ತಾಗಿದುದು ಬುಧವಾರ ಎದ್ದು ಕಾಣುತ್ತದೆ. ಬುಧವಾರ ಊಟಕ್ಕೆ ಬದನೆಕಾಯಿ ಪಲ್ಯವಿದ್ದರೆ ಅಪವಾದ ಬದನೆಕಾಯಿಯ ಮೇಲೆ ಬೀಳುತ್ತದೆ! ಜಾಣತನದ ಕೊರತೆಯಿಂದ ಹೀಗಾಗುವುದಲ್ಲ. ಚರ್ಮ ತಡವಾಗಿ ಉತ್ತರ ಕೊಡುವುದರಿಂದ ಆಗುತ್ತದೆ. ತೇಪೆ ಪರೀಕ್ಷೆಯ ಹಿರಿಮೆಯೆಲ್ಲ ಇಲ್ಲಿದೆ: ಅದು ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಕಾಯುತ್ತದೆ.

ಪರೀಕ್ಷೆ ನಡೆಯುವ ರೀತಿ ಹೀಗೆ. ಮೊದಲು ವೈದ್ಯರು ರೋಗಿಯ ಕಸುಬು, ಮನೆಗೆಲಸ, ಹಚ್ಚಿಕೊಳ್ಳುವ ಬಣ್ಣ, ತೊಡುವ ಒಡವೆ, ಬಳಸಿದ ಔಷಧಿಗಳನ್ನೆಲ್ಲ ವಿಚಾರಿಸುತ್ತಾರೆ. ಆಮೇಲೆ ಅಲ್ಯೂಮಿನಿಯಮ್ಮಿನ ಪುಟ್ಟ ಬಟ್ಟಲುಗಳಂಥ ತಟ್ಟೆಗಳಿರುವ ಅಂಟುಪಟ್ಟಿಯನ್ನು ತೆಗೆದುಕೊಂಡು, ಒಂದೊಂದರಲ್ಲಿ ಒಂದೊಂದು ವಸ್ತುವನ್ನು ಗೊತ್ತಾದ ಪ್ರಮಾಣದಲ್ಲಿ ವ್ಯಾಸಲೀನಿನಲ್ಲಿ ಬೆರೆಸಿ ಇಡುತ್ತಾರೆ. ಇಂಥ ತಟ್ಟೆಗಳನ್ನು ಫಿನ್ಲೆಂಡಿನ ಪಿರಿಲಾ ೧೯೭೫ರಲ್ಲಿ ವರ್ಣಿಸಿದನು. ಪ್ರಮಾಣ ಬಹಳ ಮುಖ್ಯ. ನಿಕ್ಕಲಿನ ಲವಣವನ್ನು ಸಾಮಾನ್ಯವಾಗಿ ನೂರಕ್ಕೆ ೫ರಷ್ಟು ಬೆರೆಸುತ್ತಾರೆ. ಹೆಚ್ಚಾದರೆ ಯಾರ ಮೈಯಾದರೂ ಉರಿದೀತು, ಕಡಮೆಯಾದರೆ ಒಗ್ಗದವರಿಗೂ ಏನೂ ಆಗದು. ಪಟ್ಟಿಯನ್ನು ಬೆನ್ನಿನ ಮೇಲ್ಭಾಗಕ್ಕೆ ಅಂಟಿಸಿ ಎರಡು ದಿನ ಬಿಡುತ್ತಾರೆ. ಸೋಮವಾರ ಹಚ್ಚಿದ್ದನ್ನು ಬುಧವಾರ ತೆಗೆದು ನೋಡುತ್ತಾರೆ. ಶುಕ್ರವಾರದ ಹೊತ್ತಿಗೆ ಇನ್ನೊಮ್ಮೆ, ಕೆಲವು ವಸ್ತುಗಳಿಗಾದರೆ ವಾರದ ಮೇಲೂ ಒಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು, ಬೆವರು ಹರಿಯಬಾರದು, ಭಾರ ಹೊರಬಾರದು. ಬೇಸಿಗೆಯಲ್ಲಿ ೪೦ ಡಿಗ್ರಿಯನ್ನು ಮೀರುವ ರಾಯಚೂರಿನ ಬಿಸಿಲಲ್ಲಿ ಪಟ್ಟಿ ಕಿತ್ತುಬರುವುದು ಸುಲಭವಾದ್ದರಿಂದ ಇದಕ್ಕೆ ಚಳಿಗಾಲವೇ ಲೇಸು.

ಪಟ್ಟಿ ತೆಗೆದಾಗ ಯಾವ ತಟ್ಟೆಯ ಕೆಳಗೆ ಕೆಂಪಾಗಿ, ಉಬ್ಬಿ, ನೀರುಗುಳ್ಳೆ ಎದ್ದಿರುವುದೋ ಅದರಲ್ಲಿದ್ದ ವಸ್ತು ರೋಗಿಗೆ ಒಗ್ಗದೆಂದು ತಿಳಿಯುತ್ತದೆ. ಉಬ್ಬಿನ ಬಲಕ್ಕೆ ತಕ್ಕಂತೆ ಒಂದು, ಎರಡು, ಮೂರು ಕೂಡಿಸುವ ಗುರುತುಗಳನ್ನು ಹಾಕುತ್ತಾರೆ. ಯಾವ ಯಾವ ವಸ್ತುಗಳನ್ನು ಎಲ್ಲರಿಗೂ ಪರೀಕ್ಷಿಸಬೇಕೆಂಬ ಪಟ್ಟಿಯನ್ನು ಮೊದಲು ಮಾಡಿದವನು ಕೋಪನ್‌ಹೇಗನ್ನಿನ ಬೊನ್ನೆವಿ, ೧೯೩೯ರಲ್ಲಿ. ೧೯೬೭ರಲ್ಲಿ ಹಲವು ದೇಶಗಳ ವೈದ್ಯರು ಒಂದು ಅಂತರರಾಷ್ಟ್ರೀಯ ಸಂಶೋಧನ ಮಂಡಲಿಯನ್ನು ಕಟ್ಟಿ, ಎಲ್ಲೆಡೆಯೂ ಒಂದೇ ಅಳತೆ ನಡೆಯುವಂತೆ ಮಾಡಿದರು. ಭಾರತದಲ್ಲಿ ಈ ವಿಷಯಕ್ಕೆ ದುಡಿದವರಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಜೆ. ಎಸ್. ಪಸ್ರೀಚಾ ಅವರ ಹೆಸರು ಮುಖ್ಯ. ನಮ್ಮ ದೇಶಕ್ಕೆ ಹೊಂದುವ ವಸ್ತುಗಳ ಪಟ್ಟಿಯೊಂದು ಈಗ ಬೇರೆಯೇ ಇದೆ. ಅದರಲ್ಲಿ ಇರುವ ಒಂದು ಗಿಡದ ಹೆಸರನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ಸಿಮೆಂಟಿನ ವಿಷಯ. ಮಳೆ ಕೈಕೊಟ್ಟ ವರ್ಷಗಳಲ್ಲಿ ದೇವದುರ್ಗ, ಮಾನ್ವಿ ತಾಲೂಕುಗಳ ಹಳ್ಳಿಗಳಿಂದ ಕುಟುಂಬಗಳು ಗುಳೆ ಹೋಗುವುದು ಎಲ್ಲರಿಗೂ ತಿಳಿದ ಸಂಗತಿ. ಬೆಂಗಳೂರಿನಂಥ ಊರುಗಳಲ್ಲಿ ಏಳುವ ಕಟ್ಟಡಗಳಲ್ಲಿ ಗಂಡಸರೂ ಹೆಂಗಸರೂ ಕಾಂಕ್ರೀಟು ಹೊರುತ್ತಾರೆ, ಗಿಲಾವು ಮಾಡುತ್ತಾರೆ. ಹಸಿ ಸಿಮೆಂಟು ಸುಣ್ಣದಂತೆ ಖಾರವಾದುದು. ಅದು ಕೈಯನ್ನು ಸುಡುವುದು, ಒಡೆಯಿಸುವುದು ಒಂದು ಬಗೆ. ಆದರೆ ಕೆಲವರಿಗೆ ಕೈ ಒಣಗಿ ಸೀಳಿ, ದಪ್ಪವಾಗಿ, ಕೆಲಸ ಬಿಟ್ಟರೂ ತಿಂಗಳುಗಟ್ಟಲೆ ವಾಸಿಯಾಗದು. ಇದು ಬೇರೆ ಬಗೆಯೆಂದು ತೋರಿಸಿದವರು ಸ್ವಿಟ್ಜರ್ಲೆಂಡಿನ ಜೇಗರ್ ಮತ್ತು ಪೆಲ್ಲೋನಿ. ೧೯೫೦ರಲ್ಲಿ ಅವರು ಸಿಮೆಂಟಿನ ಚರ್ಮರೋಗವಿದ್ದ ೩೨ ಜನರಿಗೆ ತೇಪೆ ಪರೀಕ್ಷೆ ಮಾಡಿದಾಗ ೩೦ ಜನರಲ್ಲಿ ಕ್ರೋಮಿಯಮ್ಮಿನ ಲವಣಕ್ಕೆ ದದ್ದೆದ್ದಿತು. ಸಿಮೆಂಟಿನಲ್ಲಿ ಕ್ರೋಮಿಯಮ್ ಬಹಳ ಸ್ವಲ್ಪವೇ ಇರುವುದು. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ತಿಳಿಯುವುದಿಲ್ಲ. ಬೆನ್ನಿನ ಮೇಲಿನ ಒಂದು ಚಿಕ್ಕ ಉಬ್ಬು ಇಲ್ಲದಿದ್ದರೆ ಆ ಕಳ್ಳ ಸಿಕ್ಕಿಬೀಳುತ್ತಲೇ ಇರಲಿಲ್ಲ.

ಕಾರಣ ತಿಳಿದುದರಿಂದ ಏನಾಯಿತು? ಸ್ವೀಡನ್ನಿನ ಫ್ರೇಗರ್ಟ್ ಮತ್ತು ಸಂಗಡಿಗರು, ಸಿಮೆಂಟಿಗೆ ಕಬ್ಬಿಣದ ಸಲ್ಫೇಟನ್ನು ಸ್ವಲ್ಪ ಸೇರಿಸಿದರೆ ಕ್ರೋಮಿಯಮ್ ಕೆರಳಿಸದ ರೂಪಕ್ಕೆ ತಿರುಗುವುದೆಂದು ೧೯೭೯ರಲ್ಲಿ ತೋರಿಸಿದರು. ಡೆನ್ಮಾರ್ಕ್ ೧೯೮೩ರಲ್ಲಿ ಅದನ್ನು ಕಾನೂನು ಮಾಡಿತು. ಯುರೋಪಿನ ಒಕ್ಕೂಟವು ೨೦೦೫ರಿಂದ ಸಿಮೆಂಟಿನಲ್ಲಿ ಕರಗುವ ಇಂಥ ಕ್ರೋಮಿಯಮ್ ಹತ್ತು ಲಕ್ಷ ಭಾಗದಲ್ಲಿ ಎರಡು ಭಾಗವನ್ನು ಮೀರಬಾರದೆಂದು ವಿಧಿಸಿತು. ರೋಗಿಯೊಬ್ಬನ ಬೆನ್ನಿನ ಮೇಲೆ ಆರಂಭವಾದ ವಿಚಾರಣೆ ಕಾರ್ಖಾನೆಯ ಬಾಗಿಲಿನವರೆಗೆ ಹೋಯಿತು. ಗುಳೆ ಹೋದವನಿಗೆ “ಈ ಕೆಲಸ ಬಿಡು” ಎಂದು ಹೇಳುವುದು ಸುಲಭ. ಬಿಟ್ಟರೆ ಮನೆ ನಡೆಯುವುದು ಹೇಗೆ? ಕೆಲಸಗಾರನನ್ನು ಸಿಮೆಂಟಿನಿಂದ ದೂರ ಮಾಡುವುದರ ಬದಲು ಸಿಮೆಂಟನ್ನೇ ತಿದ್ದಬಹುದೆಂಬ ಪಾಠ ಇದರಲ್ಲಿದೆ.

ಇನ್ನು ಆ ಗಿಡ. ನಮ್ಮ ಜನ ಅದನ್ನು ಕಾಂಗ್ರೆಸ್ ಗಿಡವೆನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಪಾರ್ಥೇನಿಯಮ್ ಹಿಸ್ಟರೊಫೊರಸ್. ಮೂಲತಃ ಅಮೆರಿಕ ಖಂಡದ ಸಸ್ಯ. ೧೯೫೫ರಲ್ಲಿ ಪುಣೆಯಲ್ಲಿ ಇದನ್ನು ಕಂಡ ಸಸ್ಯವಿಜ್ಞಾನಿ ಆರ್. ಎಸ್. ರಾವ್ ಮರುವರ್ಷ ಅದನ್ನು ಪ್ರಕಟಿಸಿದರು. ಅಮೆರಿಕದಿಂದ ಪಿ. ಎಲ್. ೪೮೦ರ ಗೋಧಿಯ ಜೊತೆಗೆ ಇದರ ಬೀಜ ಬಂದಿತೆಂಬುದು ಎಲ್ಲರ ಬಾಯಲ್ಲಿರುವ ಕಥೆ. ಆದರೆ ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿದುದು ೧೯೫೬ರ ಆಗಸ್ಟಿನಲ್ಲಿ. ಗಿಡ ಪುಣೆಯಲ್ಲಿ ಕಂಡುದು ಅದಕ್ಕೂ ಮುಂಚೆ. ಕಲ್ಕತ್ತೆಯ ತೋಟದ ಸಸ್ಯಗಳನ್ನು ಕುರಿತ ರಾಕ್ಸ್‌ಬರ್ಗನ ೧೮೧೪ರ ಪಟ್ಟಿಯಲ್ಲಿಯೇ ಇದರ ಹೆಸರಿದೆ. ಹಡಗಿನ ಗೋಧಿ ಅದನ್ನು ಹೆಚ್ಚು ಹರಡಿರಬಹುದು, ಮೊದಲು ತಂದಿತೆನ್ನಲಾಗದು. ರೋಗದ ವಿಷಯದಲ್ಲಿ ಹೇಗೋ ಹಾಗೆ ಗಿಡದ ವಿಷಯದಲ್ಲಿಯೂ ಜನ ಮೊದಲು ಕಣ್ಣಿಗೆ ಬಿದ್ದುದನ್ನೇ ಕಾರಣವೆಂದು ಹಿಡಿಯುತ್ತಾರೆ.

ಒಂದೊಂದು ಗಿಡ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಕೆದಕಿದ ನೆಲವೆಂದರೆ ಅದಕ್ಕೆ ಬಲು ಇಷ್ಟ. ೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಿಟ್ಟ ಮೇಲೆ ಎಡದಂಡೆಯ ಸೀಮೆಯಲ್ಲಿ, ಮಾನ್ವಿಯನ್ನೂ ಒಳಗೊಂಡು, ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. ಆಮೇಲೆ ನಾರಾಯಣಪುರದ ಬಲದಂಡೆ ಕಾಲುವೆಯಿಂದ ದೇವದುರ್ಗದ ಕಡೆಗೂ ಕೃಷ್ಣೆಯ ನೀರು ಹರಿಯಿತು. ನೀರು ಸಿರಿಯನ್ನು ತಂದಿತು. ಆದರೆ ಕಾಲುವೆಯ ಏರಿ, ಹೊಸ ರಸ್ತೆಯ ಅಂಚು, ಬದು, ಬೀಳುಗಳೆಲ್ಲ ಇಂಥ ಕಳೆಗೆ ಹೇಳಿ ಮಾಡಿಸಿದ ಜಾಗಗಳು. ಈಗ ಮಳೆಗಾಲದಲ್ಲಿ ಈ ಗಿಡದ ಬಿಳಿ ಹೂ ಕಾಣದ ರಸ್ತೆಯಿಲ್ಲ.

ಇದರ ಎಲೆ, ಹೂ ಮತ್ತು ಕಾಂಡದ ನವಿರು ಕೂದಲುಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಗಿಡ ಒಣಗಿ ಪುಡಿಯಾದ ಮೇಲೂ ಅದರ ಗುಣ ಹೋಗುವುದಿಲ್ಲ. ಆ ಧೂಳು ಗಾಳಿಯಲ್ಲಿ ತೇಲಿ ಬಂದು ಮುಖಕ್ಕೆ ಕೂಡುತ್ತದೆ. ಆದ್ದರಿಂದ ರೋಗ ಕೈಗಿಂತ ಹೆಚ್ಚಾಗಿ ರೆಪ್ಪೆ, ಮುಖ, ಕತ್ತು, ಮೊಳಕೈಯ ಮಡಿಕೆಗಳಲ್ಲಿ ಕಾಣಿಸುತ್ತದೆ. ಕೆಲವರಿಗೆ ವರ್ಷಗಳು ಕಳೆದಂತೆ ಬಿಸಿಲೂ ಆಗದಂತಾಗುತ್ತದೆ. ಗಿಡವನ್ನು ಕೈಯಿಂದ ಮುಟ್ಟದಿದ್ದವನಿಗೂ ಬರುವುದರಿಂದ ರೋಗಿ ಅದನ್ನು ಶಂಕಿಸುವುದೇ ಇಲ್ಲ. ಬಿಸಿಲಿನ ದೋಷ, ಪಿತ್ತ, ಗೊಬ್ಬರದ ಘಾಟು ಎಂದುಕೊಳ್ಳುತ್ತಾನೆ. ಇಲ್ಲಿಯೂ ನಿಜವನ್ನು ಹೇಳಿದುದು ತೇಪೆಯೇ. ಪುಣ ಸೀಮೆಯ ರೋಗಿಗಳನ್ನು ನೋಡುತ್ತಿದ್ದ ಡಾ. ಲೋಣ್ಕರ್, ಕೆನಡದ ವ್ಯಾಂಕೂವರಿನ ಮಿಚೆಲ್ ಮತ್ತು ಲಂಡನ್ನಿನ ಕಾಲ್ನನ್—ಈ ಮೂವರು ಸೇರಿ ೧೯೭೪ರಲ್ಲಿ ಈ ಗಿಡದ ಚರ್ಮರೋಗವನ್ನು ಕುರಿತು ಪ್ರಬಂಧವನ್ನು ಪ್ರಕಟಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ವಿ. ಸುಬ್ಬರಾವ್ ಮತ್ತು ಸಂಗಡಿಗರು ಗಿಡದ ಸಂಪರ್ಕಕ್ಕೆ ಬಂದ ಜನರನ್ನು ಪರೀಕ್ಷಿಸಿ ೧೯೭೭ರಲ್ಲಿ ವರದಿ ಮಾಡಿದರು. ಭಾರತದ ಪರೀಕ್ಷಾಪಟ್ಟಿಯಲ್ಲಿ ಈಗ ಇರುವ ಗಿಡ ಇದೇ.

ಈ ಗಿಡ ಒಗ್ಗದವರಲ್ಲಿ ಕೆಲವರಿಗೆ ಇದರ ದಾಯಾದಿಗಳಾದ ಸೇವಂತಿಗೆ, ಸೂರ್ಯಕಾಂತಿಗಳೂ ಆಗುವುದಿಲ್ಲ. ಸೂರ್ಯಕಾಂತಿ ಬೆಳೆಯುವ ನಮ್ಮ ಜಿಲ್ಲೆಯ ರೈತನಿಗೆ ಇದು ತಿಳಿದಿರಬೇಕು. ಕರ್ನಾಟಕ ಸರ್ಕಾರ ೧೯೭೫ರಲ್ಲಿ ಈ ಗಿಡವನ್ನು ಹಾನಿಕರ ಕಳೆಯೆಂದು ಸಾರಿತು. ೧೯೮೩ರಲ್ಲಿ ಮೆಕ್ಸಿಕೋದಿಂದ ಇದರ ಎಲೆ ತಿನ್ನುವ ದುಂಬಿಯೊಂದನ್ನು ಬೆಂಗಳೂರಿಗೆ ತರಿಸಿ ಮರುವರ್ಷ ಬಯಲಿಗೆ ಬಿಟ್ಟರು. ತಗಚೆಯ ಜಾತಿಯ ಗಿಡಗಳನ್ನು ಬೆಳೆಸಿ ಇದನ್ನು ಅದುಮುವ ಪ್ರಯತ್ನವೂ ನಡೆದಿದೆ. ಗಿಡ ಹೋಗಿಲ್ಲ, ಆದರೆ ಶತ್ರು ಯಾರೆಂಬುದು ಗೊತ್ತಾಗಿದೆ. ಹೂ ಬಿಡುವ ಮುನ್ನ, ಮಳೆ ಬಿದ್ದು ನೆಲ ಮೆತ್ತಗಿರುವಾಗ, ಕೈಗೆ ಗವಸು ಹಾಕಿ, ಮುಖಕ್ಕೆ ಬಟ್ಟೆ ಕಟ್ಟಿ ಬೇರು ಸಹಿತ ಕೀಳಬೇಕು. ಈಗಾಗಲೇ ಇದು ಒಗ್ಗದವರು ಮಾತ್ರ ಈ ಕೆಲಸಕ್ಕೆ ಇಳಿಯಬಾರದು.

ಹೊಲಕ್ಕೆ ಹೋಗದವರು ತಮಗೆ ಇದರ ಗೊಡವೆಯಿಲ್ಲವೆಂದುಕೊಳ್ಳಬೇಕಾಗಿಲ್ಲ. ಬಿಸಿಲಲ್ಲಿ ಹವಾಯಿ ಚಪ್ಪಲಿಯ ಪಟ್ಟಿ ಕೂಡುವ ಕಡೆಯೇ ಪಾದದ ಮೇಲೆ ಕವಲಿನ ಆಕಾರದಲ್ಲಿ ದದ್ದೆದ್ದರೆ ರಬ್ಬರಿಗೆ ಬೆರೆಸಿದ ರಾಸಾಯನಿಕವನ್ನು ಶಂಕಿಸಬೇಕು. ಕೃತಕ ಒಡವೆ ಹಾಕಿದ ಕಿವಿಯ ಹಾಲೆ, ಗಡಿಯಾರದ ಕೊಂಡಿ ತಾಗುವ ಮಣಿಕಟ್ಟು ತುರಿಸಿದರೆ ನಿಕ್ಕಲನ್ನು. ಕೂದಲಿಗೆ ಬಳಿಯುವ ಕಪ್ಪು ಬಣ್ಣದಲ್ಲಿಯೂ, ಬೇಗ ಕಪ್ಪೇರಲೆಂದು ಏನಾದರೂ ಬೆರೆಸಿ ಮಾರುವ ಮೆಹಂದಿಯಲ್ಲಿಯೂ ಪಿ. ಪಿ. ಡಿ. ಎಂಬ ಪ್ರಬಲ ವಸ್ತುವಿರುವುದುಂಟು. ಅರಿಸಿನ, ಸುಣ್ಣಗಳಿಂದ ಮನೆಯಲ್ಲಿ ಮಾಡುತ್ತಿದ್ದ ಕುಂಕುಮದ ಜಾಗಕ್ಕೆ ರಾಸಾಯನಿಕ ಬಣ್ಣ ಬಂದ ಮೇಲೆ ಹಣೆಯ ತುರಿಕೆಯೂ ಬಂತು. ಅಂಟಿಸುವ ಬಿಂದಿಯ ಅಂಟಿನಲ್ಲಿರುವ ಒಂದು ವಸ್ತುವಿನಿಂದ ಕೆಲವರ ಹಣೆಯಲ್ಲಿ ಚರ್ಮದ ಬಣ್ಣವೇ ಹೋಗಿ ಬಿಳಿಯ ಮಚ್ಚೆ ಉಳಿಯುತ್ತದೆ. ಅದನ್ನು ತೊನ್ನೆಂದು ಹೆದರುವವರಿದ್ದಾರೆ. ಅಡಿಗೆಮನೆಯಲ್ಲಿ ಎಡಗೈಯ ಹೆಬ್ಬೆಟ್ಟು ಮತ್ತು ಮೊದಲೆರಡು ಬೆರಳುಗಳ ತುದಿಗಳು ಮಾತ್ರ ಒಡೆಯುತ್ತಿದ್ದರೆ ಬಳ್ಳೊಳ್ಳಿಯನ್ನು ನೆನೆಯಬೇಕು. ಬಲಗೈಯಲ್ಲಿ ಚಾಕು, ಎಡಗೈಯಲ್ಲಿ ಬಳ್ಳೊಳ್ಳಿ ಅಲ್ಲವೆ?

ಹಾಗೆಂದು ತೇಪೆ ಪರೀಕ್ಷೆ ಎಲ್ಲವನ್ನೂ ಬಲ್ಲುದೆಂದು ತಿಳಿಯಬಾರದು. ಅದು ಮುಟ್ಟಿ ಬರುವ ಒಗ್ಗದಿಕೆಯನ್ನು ಮಾತ್ರ ಹೇಳುತ್ತದೆ. ಉಣ್ಣುವ ಆಹಾರದಿಂದ ಏಳುವ ಪಿತ್ತದಗಂಧೆಯನ್ನಾಗಲಿ ದಮ್ಮನ್ನಾಗಲಿ ಹೇಳುವುದಿಲ್ಲ. ಬೆನ್ನಿನ ಮೇಲೆ ಉಬ್ಬು ಬಂದಿತೆಂದ ಮಾತ್ರಕ್ಕೆ ಈಗಿನ ರೋಗಕ್ಕೆ ಅದೇ ಕಾರಣವೆಂದಲ್ಲ. ಹಳೆಯ ಯಾವುದೋ ಪರಿಚಯದ ನೆನಪೂ ಆಗಿರಬಹುದು. ರೋಗ ಜೋರಾಗಿರುವಾಗ ಪರೀಕ್ಷಿಸಿದರೆ ಬೆನ್ನೆಲ್ಲ ಕೆರಳಿ ಎಲ್ಲ ತೇಪೆಗಳೂ ಹೌದೆಂದುಬಿಡುವುದುಂಟು. ಇದನ್ನು “ಕೋಪಗೊಂಡ ಬೆನ್ನು” ಎಂದು ಕರೆದವನು ಕಾಂಗ್ರೆಸ್ ಗಿಡದ ಪ್ರಬಂಧದಲ್ಲಿ ಭಾಗಿಯಾಗಿದ್ದ ಅದೇ ಮಿಚೆಲ್, ೧೯೭೫ರಲ್ಲಿ. ಸ್ಟಿರಾಯ್ಡ್ ಮಾತ್ರೆ ನುಂಗುತ್ತಿದ್ದರೆ, ಬೆನ್ನಿಗೆ ಆ ಮುಲಾಮು ಹಚ್ಚಿದ್ದರೆ ನಿಜವಾದ ಉತ್ತರವೂ ಅಡಗಿಹೋಗಬಹುದು. ಅಂಗಡಿಯಲ್ಲಿ ಕೇಳಿ ತಂದ ಇಂಥ ಮುಲಾಮುಗಳಿಂದ ತುರಿಕೆ ಇಳಿಯುತ್ತದೆ, ಕಾರಣ ಇದ್ದಲ್ಲಿಯೇ ಇರುತ್ತದೆ, ಚರ್ಮ ತೆಳುವಾಗುತ್ತದೆ.

ಕುಷ್ಠದ ಭಯದ ಬಗೆಗೂ ಒಂದು ಮಾತು. ಅಲರ್ಜಿಯ ದದ್ದು ತುರಿಸುತ್ತದೆ; ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ತುರಿಕೆಯಿಲ್ಲ, ಮುಟ್ಟಿದರೆ ತಿಳಿಯುವುದಿಲ್ಲ. ಕುಷ್ಠವೂ ಈಗ ಔಷಧಿಯಿಂದ ಪೂರ್ತಿ ವಾಸಿಯಾಗುವ ರೋಗ. ಅಲರ್ಜಿಯಂತೂ ಒಬ್ಬರಿಂದ ಒಬ್ಬರಿಗೆ ಅಂಟುವುದೇ ಇಲ್ಲ. ಆದ್ದರಿಂದ ಎರಡರಲ್ಲಿ ಯಾವುದಾದರೂ ಸರಿ, ಮನುಷ್ಯನನ್ನು ದೂರವಿಡಲು ಕಾರಣವಿಲ್ಲ. ವೈದ್ಯರ ಬಳಿಗೆ ಕರೆದೊಯ್ಯಲು ಕಾರಣವಿದೆ.

ರಾಯಚೂರಿನಲ್ಲಿ ಈಗ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಮೊದಲು ಅಲ್ಲಿನ ಚರ್ಮರೋಗದ ವೈದ್ಯರನ್ನು ಕಂಡು, ತೇಪೆ ಪರೀಕ್ಷೆ ಬೇಕೆ, ಎಲ್ಲಿ ಮಾಡಿಸಬೇಕು ಎಂದು ವಿಚಾರಿಸಬೇಕು. ಹೋಗುವಾಗ ಬರಿಗೈಯಲ್ಲಿ ಹೋಗಬಾರದು. ಹಚ್ಚಿದ ಮುಲಾಮಿನ ಕೊಳವೆ, ಕುಂಕುಮದ ಡಬ್ಬಿ, ಕೂದಲಬಣ್ಣದ ಪೊಟ್ಟಣ, ಹಳೆಯ ಚಪ್ಪಲಿ, ಹೊಲದ ಔಷಧಿಯ ಡಬ್ಬದ ಮೇಲಿನ ಚೀಟಿ—ಇವನ್ನೆಲ್ಲ ಜೊತೆಗೆ ಒಯ್ಯಬೇಕು. ಯಾವ ತಿಂಗಳಲ್ಲಿ ಹೆಚ್ಚುತ್ತದೆ, ಊರು ಬಿಟ್ಟಾಗ ಇಳಿಯುತ್ತದೆಯೆ, ಮೊದಲು ಕಂಡುದು ಮೈಯ ಯಾವ ಭಾಗದಲ್ಲಿ ಎಂಬುದನ್ನು ನೆನಪು ಮಾಡಿಕೊಂಡು ಹೋಗಬೇಕು. ಪರೀಕ್ಷೆಯಾದ ಮೇಲೆ ಒಗ್ಗದ ವಸ್ತುವಿನ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಜೋಪಾನವಾಗಿಡಬೇಕು. ಯಾವ ಊರಿಗೆ ಹೋದರೂ, ಯಾವ ವೈದ್ಯರನ್ನು ಕಂಡರೂ, ಯಾವ ಕೆಲಸಕ್ಕೆ ಸೇರಿದರೂ ಮೊದಲು ಆ ಚೀಟಿಯನ್ನು ತೋರಿಸುವುದು ಒಳ್ಳೆಯದು.